ನನ್ನ ಹೆಸರಿನಲ್ಲಿದ್ದ ಮನೆ

ಮೊಮ್ಮಕ್ಕಳೇ, ನಿಮ್ಮ ದೊಡ್ಡಕ್ಕ ಅಮೆರಿಕದ ಕಾಲೇಜಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಉಡುಪಿಯ ಸಿ.ಎ. ಕಡೆಗೆ ಬೆರಳು ತೋರಿಸುತ್ತಾರೆ. ಅವರು ಬರೆದುಕೊಟ್ಟ ಒಂದು ಕಾಗದದಿಂದ ಅವಳ ಓದು ತಪ್ಪಿತು ಎನ್ನುತ್ತಾರೆ. ಕಾಗದ ಬರೆದದ್ದು ಅವರೇ, ಅದು ನಿಜ. ಆದರೆ ಅದರಲ್ಲಿ ಹಾಗೆ ಬರೆಯುವಂತೆ ಮಾಡಿದವಳು ನಾನು. ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತವಳು. ಹೊರಗಿನವರ ಎದುರು ಮಾತಾಡುವುದು ನನಗೆ ಆಗಲೂ ಕಷ್ಟ, ಈಗಲೂ ಕಷ್ಟ. ನಿಮ್ಮ ಅಜ್ಜ ಇದ್ದಷ್ಟು ಕಾಲ ಬ್ಯಾಂಕಿಗೂ ಅವರೇ, ಪಂಚಾಯತಿಗೂ ಅವರೇ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾಪುವಿನಲ್ಲಿ ಮಗಳು ಅಳಿಯನ ಜೊತೆ ಇದ್ದೇನೆ. ಅಳಿಯನಿಗೆ ಗಲ್ಫಿನ ಕೆಲಸ ಹೋದ ಮೇಲೆ ಪಡುಬಿದ್ರಿಯ ಹತ್ತಿರ ಒಂದು ಪೆಟ್ರೋಲ್ ಬಂಕಿನ ಆಫೀಸಿನಲ್ಲಿ ಕೆಲಸ. ಮಗಳು ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ಲು ಮಾಡುತ್ತಾಳೆ. ಇದರಲ್ಲಿ ಅವರ ಹುಡುಗಿಯನ್ನು, ನಿಮ್ಮ ದೊಡ್ಡಕ್ಕನನ್ನು, ಅಮೆರಿಕಕ್ಕೆ ಕಳುಹಿಸುವ ಮಾತು ಎಲ್ಲಿಂದ ಬಂತು ಎಂದು ನೀವು ಕೇಳಬಹುದು.

ಅವಳಿಗೆ ಸಮುದ್ರದ ಜೀವಿಗಳ ಹುಚ್ಚು. ಇಳಿತದ ಹೊತ್ತಿನಲ್ಲಿ ದೀಪಸ್ತಂಭದ ಹತ್ತಿರದ ಬಂಡೆಗಳ ಸಂದಿಯಲ್ಲಿ ನಿಂತ ನೀರಿಗೆ ಮುಖ ಹಾಕಿಕೊಂಡು ಗಂಟೆಗಟ್ಟಲೆ ಕುಳಿತಿರುತ್ತಿದ್ದಳು. ಅಂಟಿಕೊಂಡ ಚಿಪ್ಪು, ಹೂವಿನ ಹಾಗೆ ಅರಳಿ ಮುಟ್ಟಿದರೆ ಮುದುಡುವ ಒಂದು ಜೀವಿ, ಎಲ್ಲದರ ಚಿತ್ರ ಬರೆದು ಪಕ್ಕದಲ್ಲಿ ದಿನಾಂಕ ಹಾಕುವಳು. ಪಿಯುಸಿಯಲ್ಲಿರುವಾಗ ಮಣಿಪಾಲದಲ್ಲಿ ಕಲಿಸುವ ಒಬ್ಬರು ಟೀಚರ್ ಆ ಪುಸ್ತಕ ನೋಡಿದರು. ಅಮೆರಿಕದಲ್ಲಿ ಕೆಲವು ಕಾಲೇಜುಗಳು ಹೊರದೇಶದ ಮಕ್ಕಳಿಗೂ ಮನೆಯ ಸ್ಥಿತಿ ನೋಡಿ ಫೀಸು, ಊಟ, ವಸತಿ ಎಲ್ಲವನ್ನೂ ಕೊಡುತ್ತವೆ, ನೀನು ಅರ್ಜಿ ಹಾಕು ಎಂದರು. ಅವಳು ಭಾನುವಾರಗಳಲ್ಲಿ ಮಣಿಪಾಲಕ್ಕೆ ಅವರ ಮನೆಗೆ ಹೋಗಿ ಅರ್ಜಿಗಳನ್ನು ತುಂಬಲು ಶುರು ಮಾಡಿದಳು.

ನನಗೆ ಅದು ಅರ್ಥವಾಗಲೇ ಇಲ್ಲ. ಒಂದು ದಿನ ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಳು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ಸಂಬಳ, ಮನೆ ಯಾರದು, ವಾಹನ ಉಂಟಾ, ಬ್ಯಾಂಕಿನಲ್ಲಿ ಎಷ್ಟು ಉಂಟು.

"ಹುಡುಗಿ ನೋಡ್ಲಿಕ್ಕೆ ಬಂದವರೂ ಇಷ್ಟು ಕೇಳುವುದಿಲ್ಲ," ಎಂದೆ.

"ಅವರು ಬಾಯಲ್ಲಿ ಕೇಳುವುದಿಲ್ಲ ಅಜ್ಜಿ, ಕಣ್ಣಲ್ಲಿ ಕೇಳ್ತಾರೆ," ಎಂದು ನಕ್ಕಳು.

"ಎಲ್ಲ ಇದ್ದ ಹಾಗೆ ಬರೆದ್ರೆ ನಿನಗೆ ಸೀಟು ಕೊಡ್ತಾರಾ? ಇವರಿಗೆ ಎಂತದೂ ಇಲ್ಲ ಅಂತ ಬಿಡ್ತಾರೆ."

"ಇಲ್ಲ ಅಂದ್ರೆ ಮಾತ್ರ ಅವರು ಕೊಡುವುದು ಅಜ್ಜಿ. ಅದಕ್ಕೇ ಅಲ್ವಾ ಈ ಫಾರ್ಮು."

ಇಲ್ಲ ಎಂದು ಬರೆದು ಕೇಳುವುದು. ನನಗೆ ಅದು ಗಂಟಲಿನಲ್ಲಿ ಇಳಿಯಲಿಲ್ಲ. ನಮ್ಮ ಕಾಲದಲ್ಲಿ ಶಾಲೆಯಲ್ಲಿ ಬಡಮಕ್ಕಳಿಗೆ ಬಟ್ಟೆ ಕೊಡುವಾಗ ಹೆಸರು ಕರೆದು ಎದುರು ನಿಲ್ಲಿಸುತ್ತಿದ್ದರು. ಒಂದು ವರ್ಷ ನನ್ನ ಹೆಸರನ್ನೂ ಕರೆದರು. ನಾನು ಎದ್ದು ಹೋಗಲಿಲ್ಲ. ಹೆಸರು ತಪ್ಪಿ ಬಂದಿದೆ ಎಂದುಕೊಂಡು ಮಾಸ್ಟ್ರು ಮುಂದಿನವಳನ್ನು ಕರೆದರು. ಆ ವರ್ಷ ಹರಿದ ಲಂಗದಲ್ಲೇ ಶಾಲೆಗೆ ಹೋದೆ.

ಈಗ ಕಾರ್ಕಳದ ಮನೆಯ ವಿಷಯ ಹೇಳಬೇಕು. ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿಯುತ್ತದೆ, ಆದರೆ ನಡೆಸುವವರು ಕುಟುಂಬದ ಹಿರಿಯ ಗಂಡಸು. ಅವರನ್ನು ಯಜಮಾನರು ಎನ್ನುತ್ತೇವೆ. ಕಾರ್ಕಳದಿಂದ ಸ್ವಲ್ಪ ಒಳಗೆ ಇರುವ ಆ ಮನೆಯಲ್ಲಿ ದೈವದ ಕೋಣೆ ಉಂಟು, ಅದನ್ನು ಬಿಟ್ಟರೆ ಚಾವಡಿ, ಅಡಿಗೆಮನೆ, ಸುತ್ತ ಗದ್ದೆ. ನನ್ನ ಅಕ್ಕ ಹೋದ ಮೇಲೆ ಕುಟುಂಬದ ಹೆಂಗಸರಲ್ಲಿ ನಾನೇ ಹಿರಿಯಳು. ಹಾಗಾಗಿ ಜಾಗದ ಆರ್‌ಟಿಸಿಯಲ್ಲಿ, ಎಂದರೆ ಪಹಣಿಯಲ್ಲಿ, ಮೊದಲು ನನ್ನ ಹೆಸರು, ಆಮೇಲೆ 'ಮತ್ತಿತರರು' ಎಂದು ಉಂಟು. ತೀರ್ವೆ, ಎಂದರೆ ಭೂಕಂದಾಯ, ಕಟ್ಟಿದ ರಶೀದಿಯೂ ನನ್ನ ಹೆಸರಿನಲ್ಲೇ ಬರುತ್ತದೆ. ಆ ಮತ್ತಿತರರು ಎಷ್ಟು ಜನ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಮುಂಬಯಿಯಲ್ಲಿದ್ದಾರೆ, ಹೆಬ್ರಿಯಲ್ಲಿದ್ದಾರೆ, ಗಲ್ಫಿನಲ್ಲಿದ್ದಾರೆ. ಒಂದು ಸೆಂಟ್ಸ್ ಜಾಗವನ್ನೂ ಯಾರೂ ಮಾರುವ ಹಾಗಿಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ ಕೊಡುವಾಗ ಎಲ್ಲರೂ ಸೇರುತ್ತೇವೆ. ಎಲೆ ಹಾಕಿ ಉಂಡು ಸಂಜೆಯ ಬಸ್ಸಿಗೆ ಹೊರಡುತ್ತೇವೆ. ಆ ಮನೆಯಲ್ಲಿ ಒಂದು ರಾತ್ರಿ ಮಲಗುತ್ತೇನೆ ಎಂದರೆ ನನಗೆ ಇಂಥದ್ದು ಎಂಬ ಕೋಣೆ ಇಲ್ಲ.

ಆದರೂ ಆ ರಶೀದಿಯ ಜೆರಾಕ್ಸನ್ನು ನಾನು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಹೆಸರು ಅಚ್ಚಾಗಿ ಬೇರೆಲ್ಲಿ ಉಂಟು? ಆಧಾರ್ ಕಾರ್ಡಿನಲ್ಲಿ, ವೋಟಿನ ಚೀಟಿಯಲ್ಲಿ. ಅವೆರಡೂ ಎಲ್ಲರಲ್ಲಿಯೂ ಇರುತ್ತವೆ.

ಫಾರ್ಮಿನ ಜೊತೆ ಮನೆಯವರ ಆದಾಯ ಮತ್ತು ಆಸ್ತಿಗೆ ಸಿ.ಎ. ಸರ್ಟಿಫಿಕೇಟು ಬೇಕೆಂದು ಕಾಲೇಜಿನವರು ಬರೆದರು. ಮನೆಯಲ್ಲಿ ಇರುವವರೆಲ್ಲರ ಲೆಕ್ಕ ಬೇಕು, ಅಜ್ಜಿಯದೂ ಸೇರಿ. ಕೊನೆಯ ದಿನ ಹತ್ತಿರವಾಗಿತ್ತು. ಉಡುಪಿಗೆ ಹೋಗಬೇಕಾದ ದಿನವೇ ಹುಡುಗಿಗೆ ಪ್ರಾಕ್ಟಿಕಲ್ ಪರೀಕ್ಷೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ಅಮ್ಮಾ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಆಯ್ತಾ. ಹೆಚ್ಚು ಬೇಡ, ಕಡಿಮೆಯೂ ಬೇಡ," ಎಂದು ಎರಡು ಸಲ ಹೇಳಿ ಹೋದಳು. ನಾನೂ ಮಗಳೂ ಉಡುಪಿಯ ಬಸ್ಸು ಹತ್ತಿದೆವು.

ಆಫೀಸು ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬರು ಹೆಂಗಸು ಕುಳಿತಿದ್ದರು. ಮಗನನ್ನು ಕೆನಡಾಕ್ಕೆ ಕಳುಹಿಸುತ್ತಿದ್ದಾರಂತೆ.

"ನೀವು ಎಷ್ಟು ತೋರಿಸ್ತೀರಿ?" ಎಂದು ಮಗಳನ್ನು ಕೇಳಿದರು.

ಮಗಳು ಸುಳ್ಳು ಹೇಳುವವಳಲ್ಲ. "ನಮಗೆ ತೋರಿಸ್ಲಿಕ್ಕೆ ಹೆಚ್ಚು ಇಲ್ಲ. ಇಲ್ಲ ಅಂತಲೇ ಬರೆದುಕೊಡಬೇಕು. ಕಾಲೇಜಿನವರು ಸಹಾಯ ಕೊಡ್ತಾರೆ," ಎಂದಳು.

ಆ ಹೆಂಗಸು ನಮ್ಮಿಬ್ಬರನ್ನೂ ಕಾಲಿನಿಂದ ತಲೆಯವರೆಗೆ ನೋಡಿ ನಕ್ಕರು. "ಇಲ್ಲ ಅಂತ ಬರೆಸ್ಲಿಕ್ಕೆ ಸಿ.ಎ. ಯಾಕೆ ಮಾರಾಯ್ರೆ? ಅದು ಪಂಚಾಯತಿಯಲ್ಲೇ ಸಿಗ್ತದಲ್ಲ!"

ಮಗಳು ಸೆರಗನ್ನು ಸರಿ ಮಾಡಿಕೊಂಡಳು. ಅಷ್ಟು ಹೊತ್ತಿಗೆ ನಮ್ಮನ್ನು ಒಳಗೆ ಕರೆದರು. ಸಿ.ಎ. ಒಳ್ಳೆಯ ಮನುಷ್ಯ, ಸಣ್ಣ ಪ್ರಾಯ. ಕಾಗದಗಳನ್ನು ನೋಡಿ, ಅಳಿಯನ ಪಾಸ್‌ಪೋರ್ಟಿನ ಜೆರಾಕ್ಸ್ ಇನ್ನೊಂದು ಪ್ರತಿ ಬೇಕು ಎಂದರು. ಮಗಳು ಅದನ್ನು ಮಾಡಿಸಲು ಕೆಳಗೆ ಹೋದಳು. ನಾನು ಒಬ್ಬಳೇ ಕುಳಿತಿದ್ದೆ.

"ಇಷ್ಟೇನಾ ಅಮ್ಮ? ಬೇರೆ ಎಂತಾದ್ರೂ ಉಂಟಾ ನಿಮ್ಮ ಹೆಸರಿನಲ್ಲಿ?" ಎಂದು ಕೇಳಿದರು.

ಹೊರಗೆ ಆ ಹೆಂಗಸು ಫೋನಿನಲ್ಲಿ ಯಾರ ಜೊತೆಯೋ ನಗುವುದು ಕೇಳುತ್ತಿತ್ತು. ನಾನು ಪರ್ಸು ತೆಗೆದು ರಶೀದಿಯನ್ನು ಮೇಜಿನ ಮೇಲೆ ಇಟ್ಟೆ. "ಕಾರ್ಕಳದಲ್ಲಿ ಮನೆ, ಗದ್ದೆ ಉಂಟು. ನನ್ನ ಹೆಸರಿನಲ್ಲಿ," ಎಂದೆ. ಜೋರಾಗಿಯೇ ಹೇಳಿದೆ, ಹೊರಗೆ ಕೇಳಲಿ ಎಂದು. ನನ್ನ ಸ್ವರ ನನಗೇ ಹೊಸದಾಗಿ ಕೇಳಿತು.

ಅವರು ಸರ್ವೆ ನಂಬರು ಹಾಕಿ ಕಂಪ್ಯೂಟರಿನಲ್ಲಿ ಆರ್‌ಟಿಸಿ ತೆಗೆದರು. "ಮತ್ತಿತರರು ಅಂತ ಉಂಟಲ್ಲ?"

"ಹಿರಿಯಳು ನಾನೇ," ಎಂದೆ.

"ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನೆ ಕೂತಿದ್ದೀರಲ್ಲ! ಫಾರಿನ್‌ಗೆ ಹೋಗುವವರಿಗೆ ಜಾಸ್ತಿ ಇದ್ದಷ್ಟು ಒಳ್ಳೆಯದಮ್ಮ, ವೀಸಾಕ್ಕೆಲ್ಲ," ಎಂದು ಅವರು ಜಾಗದ ಬೆಲೆಯ ಲೆಕ್ಕ ಹಾಕಿ ಟೈಪು ಮಾಡತೊಡಗಿದರು. ಅವರ ತಪ್ಪಲ್ಲ. ಅವರ ಹತ್ತಿರ ಬರುವವರೆಲ್ಲರೂ ಇರುವುದಕ್ಕಿಂತ ಹೆಚ್ಚು ತೋರಿಸಲಿಕ್ಕೇ ಬರುವುದು. ಇದ್ದಷ್ಟೇ ಸಾಕು ಎಂದು ಹುಡುಗಿ ಹೇಳಿಕಳುಹಿಸಿದ್ದು ನನಗೆ ನೆನಪಿತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ.

ಮಗಳು ಬಂದಾಗ ಕಾಗದಕ್ಕೆ ಸೀಲು ಬಿದ್ದಾಗಿತ್ತು. ಅವಳಿಗೆ ಶಾಪಿಗೆ ಹೋಗಲು ತಡವಾಗುತ್ತಿತ್ತು. ಓದದೆಯೇ ಕವರಿನೊಳಗೆ ಹಾಕಿ ನನ್ನ ಕೈಯಲ್ಲಿ ಕೊಟ್ಟಳು.

ಸಂಜೆ ಹುಡುಗಿ ಪರೀಕ್ಷೆ ಮುಗಿಸಿ ಬಂದು ಕವರು ಬಿಚ್ಚಿದಳು. ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ಇದರಲ್ಲಿ ಕೋಟಿಯ ಲೆಕ್ಕ ಉಂಟು. ಕಾರ್ಕಳದ ಮನೆ ನಿಮ್ಮದಾ?"

"ನನ್ನ ಹೆಸರಿನಲ್ಲೇ ಉಂಟಲ್ಲ."

"ಹಾಗಲ್ಲ ಅಜ್ಜಿ. ಬೇಕಾದ್ರೆ ಮಾರ್ಲಿಕ್ಕೆ ಆಗ್ತದಾ? ಅವರು ನೋಡುವುದು ಅದನ್ನೇ."

ಇಷ್ಟು ನೇರವಾಗಿ ನನ್ನನ್ನು ಯಾರೂ ಏನೂ ಕೇಳಿದವರಿಲ್ಲ. ಆಗುವುದಿಲ್ಲ ಮಗಾ, ಅದು ದೈವದ್ದು, ಕುಟುಂಬದ್ದು, ನನಗೆ ಅಲ್ಲಿ ಮಲಗಲು ಜಾಗವಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವಳಿಗೆ ನಾನು ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದು ಬೇರೆ. ನಮ್ಮ ಮನೆ, ನಮ್ಮ ಚಾವಡಿ, ನಮ್ಮ ಗದ್ದೆ ಎಂದು. ಈಗ ಅದರಲ್ಲಿ ಯಾವುದೂ ನನ್ನದಲ್ಲ ಎಂದು ಹೇಳಲು ನಾಚಿಕೆಯಾಯಿತು.

"ಆರ್‌ಟಿಸಿಯಲ್ಲಿ ಮೊದಲನೇ ಹೆಸರು ನನ್ನದು," ಎಂದು ಹೇಳಿ ಅಕ್ಕಿಯ ನೀರು ಚೆಲ್ಲಲು ಹಿತ್ತಲಿಗೆ ಹೋದೆ.

ಅವಳು ಇನ್ನೊಮ್ಮೆ ಕೇಳಲಿಲ್ಲ. ಅಜ್ಜಿ ಹೇಳಿದ ಮೇಲೆ ಹೌದು ಎಂದುಕೊಂಡಳು. ಮರುದಿನವೇ ಕೊನೆಯ ದಿನ. ಅದನ್ನು ಹಾಗೆಯೇ ಕಳುಹಿಸಿದಳು.

ಸೀಟು ಸಿಕ್ಕಿದ ಸುದ್ದಿ ಬಂದ ದಿನ ಅವಳು ಮೆಡಿಕಲ್ ಶಾಪಿನವರೆಗೆ ಓಡಿ ತಾಯಿಗೆ ಹೇಳಿ ಬಂದಳು. ಬರುವಾಗ ಬೇಕರಿಯಿಂದ ಲಡ್ಡು ತಂದಿದ್ದಳು. ನನ್ನ ಬಾಯಿಗೆ ಒಂದನ್ನು ತುರುಕಿ, ಕುಳಿತು, ಇನ್ನೊಂದು ಪತ್ರವನ್ನು ತೆರೆದಳು. ಹಣದ ಸಹಾಯದ ಪತ್ರ ಬೇರೆಯೇ ಬರುತ್ತದಂತೆ. ಅದನ್ನು ಓದುತ್ತ ಓದುತ್ತ ಅವಳ ಕಾಲು ಅಲ್ಲಾಡುವುದು ನಿಂತಿತು.

"ಎಂತ ಮಗಾ?"

"ನಿಮ್ಮ ಕುಟುಂಬಕ್ಕೆ ಫೀಸು ಕಟ್ಟುವ ಶಕ್ತಿ ಉಂಟು ಅಂತ ಬರೆದಿದ್ದಾರೆ ಅಜ್ಜಿ. ಸಹಾಯ ಇಲ್ಲವಂತೆ."

ನನ್ನ ಬಾಯಲ್ಲಿ ಲಡ್ಡು ಇನ್ನೂ ಇತ್ತು. ನುಂಗಲಿಕ್ಕೂ ಉಗುಳಲಿಕ್ಕೂ ಆಗಲಿಲ್ಲ.

ಮಗಳು ಸಿ.ಎ.ಗೆ ಫೋನು ಮಾಡಿ ಜಗಳ ಮಾಡಿದಳು. ನಿಮ್ಮ ಅಮ್ಮನೇ ಹೇಳಿದ್ದು ಎಂದು ಅವರು ಹೇಳಿದರಂತೆ. ಫೋನು ಇಟ್ಟು ಮಗಳು, "ತಪ್ಪು ಮಾಡಿ ನನ್ನ ಅಮ್ಮನ ಮೇಲೆ ಹಾಕ್ತಾನೆ ನೋಡಿ. ನಾಲ್ಕು ಜನರ ಎದುರು ಸ್ವರ ಎತ್ತದವರು, ಇವನ ಹತ್ತಿರ ಹೋಗಿ ಕೋಟಿಯ ಲೆಕ್ಕ ಹೇಳಿದ್ರಂತೆ!" ಎಂದಳು. ಹುಡುಗಿ ಅಲ್ಲಿಯೇ ಇದ್ದಳು. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನಾನು ಕುಡಿದಿಟ್ಟ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದೆ.

ಮಣಿಪಾಲದ ಟೀಚರ್ ಒಂದು ದಾರಿ ಹೇಳಿದರು. ಮರುಪರಿಶೀಲನೆಗೆ ಬರೆಯಬಹುದು. ಆದರೆ ಆ ಮನೆ ಕುಟುಂಬದ್ದು, ಮಾರಲಾಗದ್ದು ಎಂದು ಕುಟುಂಬದ ಯಜಮಾನರು ಬರೆದು ಸಹಿ ಹಾಕಿ ಕೊಡಬೇಕು. ಬೇಗ ಆಗಬೇಕು, ಯಾಕೆಂದರೆ ಹೊರದೇಶದ ಮಕ್ಕಳಿಗೆ ಇಟ್ಟಿರುವ ಹಣ ಕಡಿಮೆ. ಹಣ ಬೇಡ ಎಂದು ಈ ವರ್ಷ ಸೇರಿ ಮುಂದಿನ ವರ್ಷ ಕೇಳುತ್ತೇನೆ ಎಂದರೂ ಆಗುವುದಿಲ್ಲವಂತೆ.

ನಾನು, ಮಗಳು, ಹುಡುಗಿ ಮೂವರೂ ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದೆವು. ಯಜಮಾನರು ಎಂದರೆ ನನ್ನ ಸ್ವಂತ ಅಣ್ಣ. ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು, ಊಟಕ್ಕೆ ನಿಲ್ಲಿ ಎಂದರು. ಮಗಳು ವಿಷಯ ಹೇಳಿದಳು. ಅಣ್ಣ ಸರ್ಟಿಫಿಕೇಟನ್ನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಓಹೋ! ಈ ಮನೆ ನಿನ್ನದಂತಲ್ಲ ತಂಗಿ? ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ. ಹಾಗಾದ್ರೆ ನಾನು ಬಾಡಿಗೆ ಎಷ್ಟು ಕೊಡಬೇಕು ಹೇಳು."

"ಅಮ್ಮನಿಗೆ ಎಂತ ಗೊತ್ತು ಮಾವ? ಆ ಸಿ.ಎ. ಹಾಕಿದ್ದು," ಎಂದಳು ಮಗಳು.

"ಸಿ.ಎ.ಗೆ ಕನಸು ಬಿತ್ತಾ ಇಲ್ಲಿ ಮನೆ ಉಂಟಂತ? ಯಾರಾದ್ರೂ ಹೇಳಬೇಕಲ್ಲ." ಅಣ್ಣ ನನ್ನನ್ನೇ ನೋಡಿದರು. ನಾನು ಚಾವಡಿಯ ಕಂಬವನ್ನು ನೋಡಿದೆ. ಹುಡುಗಿ ನೆಲ ನೋಡುತ್ತಿದ್ದಳು.

"ಅಜ್ಜ, ಇದು ಮಾರ್ಲಿಕ್ಕೆ ಆಗುವುದಿಲ್ಲ ಅಂತ ಒಂದೇ ಒಂದು ಸಾಲು ಬರೆದುಕೊಟ್ರೆ ಸಾಕು," ಎಂದು ಅವಳು ಮೆಲ್ಲಗೆ ಕೇಳಿದಳು.

ಅವಳ ಮೇಲೆ ಅಣ್ಣನಿಗೆ ಸಿಟ್ಟಿರಲಿಲ್ಲ. "ನಿನಗೆ ಕೊಡಬಾರದೂಂತ ಅಲ್ಲ ಮಗಾ. ಈ ಮನೆಯ ವಿಷಯದಲ್ಲಿ ನಾನು ಒಬ್ಬನೇ ಕಾಗದಕ್ಕೆ ಸಹಿ ಹಾಕುವ ಕ್ರಮ ಇಲ್ಲ. ದೈವದ ಎದುರು, ಎಲ್ಲ ಕವಲಿನವರು ಕೂತು ಒಪ್ಪಬೇಕು. ಇವತ್ತು ಅಮೆರಿಕಕ್ಕೆ ಒಂದು ಕಾಗದ ಹೋದ್ರೆ, ನಾಳೆ ಅದನ್ನೇ ಹಿಡಿದು ಯಾರಾದ್ರೂ ಪಾಲು ಕೇಳಿದ್ರೆ? ತಂಬಿಲ ಬಂತಲ್ಲ, ಆ ದಿನ ಎಲ್ಲರೂ ಇರ್ತಾರೆ. ಅಲ್ಲಿಯವರೆಗೆ ನಿಲ್ಲಲಿ ಅವರು."

"ಅವರು ನಿಲ್ಲುವುದಿಲ್ಲ ಅಜ್ಜ."

"ಅಷ್ಟು ದೊಡ್ಡ ದೇಶ, ಮೂರು ವಾರ ನಿಲ್ಲುವುದಿಲ್ವಾ?"

ನಾನು ನನ್ನ ಸುಳ್ಳನ್ನು ಅಲ್ಲಿಯೇ ಒಪ್ಪಿಕೊಂಡು, ತಪ್ಪು ನನ್ನದು ಅಣ್ಣ, ಈ ಹುಡುಗಿಗಾಗಿ ಬರೆದುಕೊಡು ಎಂದು ಕಾಲು ಹಿಡಿಯಬಹುದಿತ್ತು. ಅಣ್ಣನ ಮನಸ್ಸು ಕರಗುತ್ತಿತ್ತೋ ಏನೋ. ಅವರಿಗೆ ನೋವಾದದ್ದು ನಾನು ಹೇಳಿದ್ದಕ್ಕಿಂತ ಒಪ್ಪಿಕೊಳ್ಳದೆ ಕುಳಿತದ್ದಕ್ಕೆ ಎಂದು ಈಗ ಅನಿಸುತ್ತದೆ. ನಾನು ಊಟಕ್ಕೂ ನಿಲ್ಲದೆ ಎದ್ದೆ.

ತಂಬಿಲದ ದಿನ ಎಲ್ಲರೂ ಒಪ್ಪಿದರು. ಹನ್ನೊಂದು ಜನ ಸಹಿ ಹಾಕಿದರು. ನನ್ನ ಸಹಿ ಕೊನೆಯದು. ಈ ಆಸ್ತಿಯಲ್ಲಿ ನನಗೆ ಮಾರುವ ಹಕ್ಕು ಇಲ್ಲ ಎಂಬ ಸಾಲಿನ ಕೆಳಗೆ ಕನ್ನಡದಲ್ಲಿ ನನ್ನ ಹೆಸರು ಬರೆದೆ. ಹುಡುಗಿ ದೈವದ ಕೋಣೆಯ ಜಗಲಿಯಲ್ಲೇ ಕುಳಿತು ಫೋನಿನಲ್ಲಿ ಅದರ ಫೋಟೋ ತೆಗೆದು ಕಳುಹಿಸಿದಳು. ಎರಡು ದಿನದಲ್ಲಿ ಉತ್ತರ ಬಂತು. ತುಂಬ ಮರ್ಯಾದೆಯಿಂದ ಬರೆದಿದ್ದರು. ನಿಮ್ಮ ಸ್ಥಿತಿ ಈಗ ಅರ್ಥವಾಯಿತು, ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು, ಈ ವರ್ಷದ ಹಣ ಪೂರ್ತಿ ಹಂಚಿ ಆಗಿದೆ ಎಂದು. ಅವಳಿಗೆ ಒಳ್ಳೆಯದಾಗಲಿ ಎಂದು ಕೊನೆಯಲ್ಲಿ ಇತ್ತು. ಸೀಟನ್ನು ಅವಳೇ ಬಿಟ್ಟುಕೊಡಬೇಕಾಯಿತು. ಬರುವುದಿಲ್ಲ ಎಂಬ ಜಾಗದಲ್ಲಿ ಒತ್ತಬೇಕಂತೆ. ಅವಳು ಒತ್ತುವಾಗ ಮಗಳು ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದಳು.

ಮುಂದಿನ ವರ್ಷ ಬೇರೆ ಕಾಲೇಜುಗಳಿಗೆ ಹಾಕು ಎಂದು ಟೀಚರ್ ಹೇಳಿದರು. ಒಂದು ವರ್ಷ ಮನೆಯಲ್ಲಿ ಕುಳಿತುಕೊಳ್ಳಲು ಅವಳು ಒಪ್ಪಲಿಲ್ಲ. ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಅಲ್ಲಿ ಸಮುದ್ರದ ಜೀವಿಗಳ ಪಾಠ ಒಂದೇ ಅಧ್ಯಾಯ ಅಂತೆ.

ಈ ಆಷಾಢದಲ್ಲಿ ಒಂದು ಮಧ್ಯಾಹ್ನ ಕಾಲೇಜಿಗೆ ರಜೆ ಇತ್ತು. ಮನೆಯಲ್ಲಿ ನಾವಿಬ್ಬರೇ. ಅವಳು ಗಂಜಿ ಊಟ ಮಾಡುತ್ತಿದ್ದಳು. ನಾನು ಎದುರು ಕುಳಿತು ಹೇಳಿಬಿಟ್ಟೆ. ಬೆಂಚಿನ ಹೆಂಗಸಿನಿಂದ ಹಿಡಿದು ಎಲ್ಲವನ್ನೂ.

"ಗೊತ್ತುಂಟು ಅಜ್ಜಿ," ಎಂದಳು.

"ಎಲ್ಲ ಗೊತ್ತಾ?"

"ನೀವೇ ಹೇಳಿದ್ದು ಅಂತ ಗೊತ್ತು. ನಾನು ಕೇಳಿದಾಗ ನೀವು ಹಿತ್ತಲಿಗೆ ಹೋದ್ರಲ್ಲ."

"ಹಾಗಾದ್ರೆ ನಿನ್ನ ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಂತ ಆಗ್ತದೆ? ಅಮ್ಮ ನಿಮ್ಮ ಹತ್ತಿರ ಮಾತು ಬಿಡ್ತಿದ್ರು." ತಟ್ಟೆಯಲ್ಲಿ ಬೆರಳಾಡಿಸುತ್ತ, "ಆ ಮನೆ ನನ್ನದಲ್ಲ ಅಂತ ನೀವು ಅಂದಿದ್ರೆ ನಾನು ನಗ್ತಿದ್ನಾ ಅಜ್ಜಿ?" ಎಂದಳು.

ಅವಳು ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ರೆಕಾರ್ಡ್ ಪುಸ್ತಕ ಬರೆಯಲು ಕುಳಿತಳು.

ಮೊದಲು ಅವಳು ನನ್ನ ಮೇಲೆ ರೇಗುತ್ತಿದ್ದಳು. ಉಪ್ಪು ಹೆಚ್ಚಾಯಿತು ಎಂದು, ಟಿವಿಯ ಸ್ವರ ಹೆಚ್ಚಾಯಿತು ಎಂದು, ನನ್ನ ಬಾಚಣಿಗೆ ಯಾಕೆ ತೆಗೆದಿರಿ ಎಂದು. ಈಗ ಯಾವುದಕ್ಕೂ ರೇಗುವುದಿಲ್ಲ. ಔಷಧಿ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ, ಬಸ್ಸಿನಲ್ಲಿ ಹೋಗುವಾಗ ಕೈ ಹಿಡಿದು ಹತ್ತಿಸುತ್ತಾಳೆ. ನೆಂಟರ ಮನೆಯ ಹಿರಿಯರನ್ನು ನೋಡಿಕೊಳ್ಳುವ ಹಾಗೆ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ.